ಗುಳಿಗಿ ಚೀಲ ಎಲ್ಲದ?

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ನನಗೆ 11 ವರ್ಷ. ನಾಡಿ ಓಡುವವರನ್ನು ಕಂಡು ಗಾಬರಿಯಾಗುವುದು ಬಿಟ್ಟು ಎಷ್ಟೋ ಕಾಲವಾಯಿತು. ನಾಡಿ ತೀರಾ ನಿಧಾನವಾದವರು ಬಂದರೆ ಮಾತ್ರ ಇವತ್ತಿಗೂ ಕೈ ತಣ್ಣಗಾಗುತ್ತದೆ.

ಹೋದ ಬೇಸಿಗೆ, ಮೇ ತಿಂಗಳು. ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಎಪ್ಪತ್ತರ ಆಸುಪಾಸಿನ ಮುತ್ಯಾನನ್ನು ಟಂಟಂನಲ್ಲಿ ಮಲಗಿಸಿಕೊಂಡು ಬಂದರು. "ಎರಡು ದಿನದಿಂದ ವಾಂತಿ, ಸಂಡಾಸ ಹತ್ಯಾವ್ರೀ ಅಕ್ಕಾರ. ಸಂಜಿಯಿಂದ ಎದ್ದು ಕುಂದರಾಕ ಆಗವಲ್ದು" ಎಂದ ಮಗ. ಬೆರಳಿಗೆ ನಾಡಿ ಎಣಿಸುವ ಕ್ಲಿಪ್ ಹಾಕಿದರೆ 34. ಆ ಕ್ಲಿಪ್ಪನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಒಂದು ಬಿಟ್ಟು ಒಂದು ಬಡಿತ ಅರೆಬರೆಯಾಗುತ್ತಿದ್ದರೆ ಅದು ಅರ್ಧವನ್ನಷ್ಟೇ ಎಣಿಸಿ, 76 ಇರುವುದನ್ನು 38 ಎಂದು ತೋರಿಸಿಬಿಡುತ್ತದೆ. ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿದೆ. 34 ನಿಜವೇ. ಬಿಪಿ 80ರ ಮೇಲೆ ಹತ್ತುತ್ತಿಲ್ಲ, ಕೈಕಾಲು ತಣ್ಣಗೆ.

ಇಸಿಜಿ ಕಾಗದದಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂಬತ್ತು ದೊಡ್ಡ ಚೌಕ. ಒಂದು ನಿಮಿಷಕ್ಕೆ ಅಂಥ 300 ಚೌಕ, 9ರಿಂದ ಭಾಗಿಸಿದರೆ 33, ಲೆಕ್ಕ ಕೂಡಿತು. ಮೇಲಿನ ಕೋಣೆಗಳ ಬಡಿತ ತೋರಿಸುವ ಪಿ ಅಲೆ ಎಷ್ಟು ಹುಡುಕಿದರೂ ಇಲ್ಲ, ಕೆಳಗಿನ ಕೋಣೆಗಳ ಬಡಿತದ ಗೆರೆ ಕ್ಯೂಆರ್‌ಎಸ್ ಅಗಲವಾಗಿ ಹರಡಿಕೊಂಡಿದೆ. ಹಾರ್ಟ್ ಬ್ಲಾಕ್, ಅಂದರೆ ಮೇಲಿನ ಕೋಣೆಗಳ ಸಂದೇಶ ಕೆಳಗಿನವುಗಳಿಗೆ ತಲುಪುತ್ತಿಲ್ಲ, ಎಂದು ನಾನೇ ತೀರ್ಮಾನಿಸಿಬಿಟ್ಟೆ. ಪ್ರತಿ ಬಡಿತದ ಕೊನೆಗೆ ಬರುವ ಟಿ ಅಲೆಗಳು ಡೇರೆಯ ತುದಿಯ ಹಾಗೆ ಚೂಪಾಗಿ ನಿಂತದ್ದು ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬೀಳಲಿಲ್ಲ.

ಅದಕ್ಕೆ ಕಾರಣವೂ ಇತ್ತು. ಎರಡು ವಾರದ ಹಿಂದಷ್ಟೇ ಒಬ್ಬ ಹೆಣ್ಣುಮಗಳು ಬಂದಿದ್ದಳು. ಮೂರು ಸಲ ಹೊಲದಲ್ಲೇ ಎಚ್ಚರ ತಪ್ಪಿ ಬಿದ್ದಿದ್ದಳು, ಮನೆಯವರು ಗಾಳಿ ಸೋಕ್ಯಾದ ಅಂತ ತಾಯಿತ ಕಟ್ಟಿಸಿದ್ದರು. ಅವಳ ಎದೆಯ ಮೇಲಿನ ಕೋಣೆಗಳದ್ದೇ ಒಂದು ತಾಳ, ಕೆಳಗಿನವುಗಳದ್ದೇ ಒಂದು, ಅದು ನಿಜವಾದ ಹಾರ್ಟ್ ಬ್ಲಾಕ್. ಕಲಬುರಗಿಯ ಜಯದೇವಕ್ಕೆ ಹೋಗಿ ಪೇಸ್‌ಮೇಕರ್ ಹಾಕಿಸಿಕೊಂಡು ಬಂದಳು. ನನ್ನ ತಲೆಯಲ್ಲಿ ಇನ್ನೂ ಅವಳೇ ಕೂತಿದ್ದಳು.

ಡ್ಯೂಟಿ ಡಾಕ್ಟರ್ ಮೇಡಂ ನಾಡಿ ಏರಿಸುವ ಆಟ್ರೊಪಿನ್ 1 ಮಿಲಿಗ್ರಾಂ ಕೊಡಿಸಿದರು. ಐದು ನಿಮಿಷ ಕಾದು ಮತ್ತೊಂದು. 34 ಇದ್ದದ್ದು 36 ಆಯಿತು, ಅಷ್ಟೇ. ಆ ಹೊತ್ತಿಗೆ ನಾನು ಹೊರಗೆ ಹೋಗಿ ಮಗನಿಗೆ, "ಪೇಸ್‌ಮೇಕರ್ ಹಾಕಬೇಕಾಗ್ತದ, ರೊಕ್ಕದ ವ್ಯವಸ್ಥಾ ಮಾಡಿಕೋಪಾ" ಅಂದುಬಿಟ್ಟೆ. ಯಾರೂ ನನಗೆ ಹೇಳು ಅಂದಿರಲಿಲ್ಲ. ಒಳಗೆ ಬಂದ ಮೇಲೂ ಕಿಟಕಿಯಾಚೆ ಅವನ ಫೋನು ಕೇಳುತ್ತಿತ್ತು: "ಎತ್ತು ಕೊಟ್ರ ಎಷ್ಟಕ್ಕ ಹಿಡೀತಿ ಮಾವಾ?"

ಮೇಡಂ ಕೇಳಿದರು, "ಗುಳಿಗಿ ಏನಾರ ನುಂಗ್ತಾರೇನು?" ಬಿಪಿ, ಶುಗರ್ ಅದ ಏನು ಅಂತ ನಾನು ಮೊದಲೇ ಕೇಳಿದ್ದೆ. ಮಗ ಇಲ್ಲ ಅಂದಿದ್ದ. ಅವನೇನೂ ಸುಳ್ಳು ಹೇಳಿರಲಿಲ್ಲ. ಗುಳಿಗಿಯಿಂದ ಬಿಪಿ ಹಿಡಿತಕ್ಕೆ ಬಂದಿದೆ, ಹಾಗಾಗಿ ಅವನ ಲೆಕ್ಕದಲ್ಲಿ ಈಗ ಬಿಪಿ ಇಲ್ಲ. ಮೂಲೆಯಲ್ಲಿ ನಿಂತಿದ್ದ ಸೊಸೆ ಏನೂ ಮಾತಾಡದೆ ಕೈಚೀಲದಿಂದ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ ತೆಗೆದಳು. ಬಿಪಿಯ ಗುಳಿಗಿ ಅಟೆನೊಲಾಲ್, ಟೆಲ್ಮಿಸಾರ್ಟನ್, ಜೊತೆಗೆ ಮಣಕಾಲು ಬ್ಯಾನಿಗೆಂದು ಮೆಡಿಕಲ್ ಅಂಗಡಿಯಿಂದ ತಂದ ಡೈಕ್ಲೊಫೆನಾಕ್.

"ಮೂತ್ರ ಯಾವಾಗ ಹೋಗಿದ್ರು?"

"ನಿನ್ನಿ ಮುಂಜಾನಿ ರೀ. ಎಳನೀರು ಮಾತ್ರ ನಾಕೈದು ಕುಡಿಸೀವಿ."

ಮೇಡಂ ಇಸಿಜಿಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಚೂಪಾದ ಆ ಟಿ ಅಲೆಗಳು ರಕ್ತದಲ್ಲಿ ಪೊಟ್ಯಾಸಿಯಂ ಏರಿದ್ದನ್ನು ಹೇಳುತ್ತಿದ್ದವು. ವಾಂತಿಭೇದಿಯಲ್ಲಿ ಮೈಯ ನೀರು ಬತ್ತಿ, ಮೇಲೆ ನೋವಿನ ಗುಳಿಗಿ ಬಿದ್ದು ಕಿಡ್ನಿ ಸೋತಿದೆ. ಅಟೆನೊಲಾಲ್ ಹೊರಹೋಗುವುದು ಕಿಡ್ನಿಯ ದಾರಿಯಿಂದಲೇ, ಆ ದಾರಿ ಮುಚ್ಚಿದ್ದರಿಂದ ಅದು ಒಳಗೇ ಉಳಿದು ನಾಡಿ ಇಳಿಸಿದೆ. ಪೊಟ್ಯಾಸಿಯಂ ಹೋಗುವುದೂ ಅಲ್ಲಿಂದಲೇ. ಟೆಲ್ಮಿಸಾರ್ಟನ್ ಅದನ್ನು ಏರಿಸುತ್ತದೆ, ಎಳನೀರಿನಲ್ಲಂತೂ ಅದು ದಂಡಿಯಾಗಿದೆ. ಪೊಟ್ಯಾಸಿಯಂ ಏರಿದಷ್ಟೂ ಎದೆ ನಿಧಾನ, ಎದೆ ನಿಧಾನವಾದಷ್ಟೂ ಕಿಡ್ನಿಗೆ ರಕ್ತ ಕಡಿಮೆ. ಗಾಣದ ಎತ್ತಿನ ಸುತ್ತು.

ರಾತ್ರಿ ಲ್ಯಾಬ್ ಇಲ್ಲ. ರಿಪೋರ್ಟಿಗೆ ಕಾಯದೆ 10% ಕ್ಯಾಲ್ಸಿಯಂ ಗ್ಲುಕೊನೇಟ್ 10 ಎಂಎಲ್ ನಿಧಾನವಾಗಿ ಕೊಟ್ಟೆವು. ಸಿರಿಂಜ್ ಒತ್ತುತ್ತಲೇ ಮಾನಿಟರ್ ನೋಡುತ್ತಿದ್ದೆ. ಅಗಲವಾಗಿದ್ದ ಗೆರೆ ಕಿರಿದಾಗುತ್ತ ಬಂತು. ನಾಡಿ 36, 41, 52. ಕ್ಯಾಲ್ಸಿಯಂ ಪೊಟ್ಯಾಸಿಯಂನ್ನು ಇಳಿಸುವುದಿಲ್ಲ, ಅರ್ಧದಿಂದ ಒಂದು ತಾಸು ಎದೆಯನ್ನು ಕಾಯುತ್ತದೆ. ಅಷ್ಟರೊಳಗೆ ಪೊಟ್ಯಾಸಿಯಂ ಇಳಿಸಲೆಂದು ಇನ್ಸುಲಿನ್ 10 ಯೂನಿಟ್ಟು, 25% ಡೆಕ್ಸ್ಟ್ರೋಸ್ 100 ಎಂಎಲ್, ಸಾಲ್ಬುಟಮಾಲ್ ನೆಬುಲೈಸೇಶನ್, ಸಲಾಯಿನ್. ಆಂಬುಲೆನ್ಸಿನಲ್ಲಿ ಇನ್ನೊಂದು ಆಂಪ್ಯೂಲ್ ಕ್ಯಾಲ್ಸಿಯಂ ಇಟ್ಟು ರಾಯಚೂರಿಗೆ ಕಳಿಸಿದೆವು. ಅಲ್ಲಿ ಪೊಟ್ಯಾಸಿಯಂ 7.6 ಬಂತಂತೆ. ಎರಡು ಸಲ ಡಯಾಲಿಸಿಸ್ ಆಯಿತು. ಪೇಸ್‌ಮೇಕರ್ ಬೇಕಾಗಲಿಲ್ಲ.

ನಾಡಿ 60ಕ್ಕಿಂತ ಕಡಿಮೆ ಇದ್ದರೆಲ್ಲ ರೋಗ ಅಂತಲ್ಲ. ಪೊಲೀಸ್ ಭರ್ತಿಗೆ ದಿನಾ ಓಡುವ ಹುಡುಗನೊಬ್ಬನ ನಾಡಿ 46 ಇತ್ತು, ನಗುತ್ತ ಕೂತಿದ್ದ, ಹಾಗೇ ಕಳಿಸಿದೆವು. ತಲೆಸುತ್ತು, ಎಚ್ಚರ ತಪ್ಪುವುದು, ಉಸಿರು ಕಟ್ಟುವುದು, ಎದೆನೋವು, ಬಿಪಿ ಬೀಳುವುದು ಜೊತೆಗಿದ್ದರೆ ಮಾತ್ರ ನಾವು ಗಡಿಬಿಡಿ ಮಾಡಬೇಕು. ಹೃದಯದ ಕೆಳಭಾಗದ ಹಾರ್ಟ್ ಅಟ್ಯಾಕಿನಲ್ಲೂ ನಾಡಿ ಇಳಿಯುತ್ತದೆ, ಥೈರಾಯ್ಡ್ ಕಡಿಮೆಯಾದರೂ ಇಳಿಯುತ್ತದೆ. ನಮ್ಮ ಕಡೆ ಹತ್ತಿ, ಭತ್ತಕ್ಕೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಹೊಟ್ಟೆಗೆ ಹೋದರೂ ನಾಡಿ ಇಳಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ ಅದೇ. ಅಲ್ಲಿ ಆಟ್ರೊಪಿನ್ ಒಂದೆರಡು ಆಂಪ್ಯೂಲಿಗೆ ಮುಗಿಯುವುದಿಲ್ಲ, ಎದೆಯ ಗೊರಗೊರ ನಿಲ್ಲುವ ತನಕ ಡೋಸು ಇಮ್ಮಡಿ ಮಾಡುತ್ತ ಹೋಗಬೇಕು.

ಆ ರಾತ್ರಿ ಕ್ಯಾಲ್ಸಿಯಂ ಕೊಟ್ಟಾದ ಮೇಲೆ ಮಗನನ್ನು ಕರೆದು, "ನಾ ತಪ್ಪು ಹೇಳಿದ್ನೆಪಾ, ಎತ್ತು ಮಾರಬ್ಯಾಡ" ಅಂದೆ. ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಏನೂ ಅನ್ನಲಿಲ್ಲ.

ಈಗ ನಾನು ಬಿಪಿ ಅದ ಏನು ಅಂತ ಕೇಳುವುದಿಲ್ಲ. ಗುಳಿಗಿ ಚೀಲ ಎಲ್ಲದ ಅಂತಲೇ ಶುರು. ತಿಂಗಳ ಮೇಲೆ ಮುತ್ಯಾ ಓಪಿಡಿಗೆ ಬಂದಾಗ, ಕೇಳುವ ಮೊದಲೇ ಸೊಸೆ ಚೀಲ ಬಿಚ್ಚಿ ಟೇಬಲ್ ಮೇಲೆ ಸುರುವಿದಳು. ಅಟೆನೊಲಾಲ್ ಇರಲಿಲ್ಲ. ಡೈಕ್ಲೊಫೆನಾಕ್‌ನ ಹೊಸ ಪಟ್ಟಿ ಇತ್ತು, ಎರಡು ಗುಳಿಗಿ ಖಾಲಿ.

"ಮಣಕಾಲು ಭಾಳ ಹಿಡೀತಾವಬೇ ಯವ್ವಾ" ಎಂದ ಮುತ್ಯಾ.