ಮಂಗನಿಗೆ ಸುಳ್ಳು ಹೇಳುವ ಬೆಡಿ

ಕಳೆದ ಶನಿವಾರ ಬ್ಲೂಬೆರಿ ಕೊಯ್ಯಲು ಗುಡ್ಡ ಹತ್ತಿದ್ದೆವು. ಆಗಸ್ಟ್ ಕೊನೆ ಬಂತೆಂದರೆ ಅಮೆರಿಕದ ಅಲಾಸ್ಕ ರಾಜ್ಯದ ಈ ಆಂಕರೇಜಿನವರಿಗೆ ಇದೊಂದು ಹುಚ್ಚು. ಮೊಸರಿನ ಖಾಲಿ ಡಬ್ಬ ಹಿಡಿದುಕೊಂಡು ಹೋಗುವುದು, ನಾಲಗೆ ನೀಲಿ ಮಾಡಿಕೊಂಡು ಬರುವುದು. ಬೇಸಿಗೆ ರಜೆಯಲ್ಲಿ ನಾವು ಕುಂಟಾಲ ಹಣ್ಣಿಗೆ ಗುಡ್ಡೆಗೆ ಓಡುತ್ತಿದ್ದೆವಲ್ಲ, ಅದೇ ಥರ. ಹಣ್ಣು ಮಾತ್ರ ಸಪ್ಪೆ. ಕುಂಟಾಲದ ಒಗರು ಇಲ್ಲದ್ದನ್ನು ಹಣ್ಣು ಎನ್ನಲು ನನಗೆ ಈಗಲೂ ಮನಸ್ಸು ಬರುವುದಿಲ್ಲ.

ಪಕ್ಕದ ಮನೆಯವರೂ ಜೊತೆಗಿದ್ದರು. ಎಪ್ಪತ್ತು ದಾಟಿದ ಹೆಂಗಸು, ಶಾಲೆಯಲ್ಲಿ ಟೀಚರಾಗಿದ್ದು ರಿಟೈರ್ ಆದವರು. ಕಾರು ನಿಲ್ಲಿಸಿ ಡಿಕ್ಕಿ ತೆರೆದರು. ನೀರಿನ ಬಾಟಲಿ, ಮಳೆ ಅಂಗಿ, ಬಿಸ್ಕತ್ತಿನ ಪೊಟ್ಟಣ. ಕೊನೆಗೆ ಎದೆಗೆ ಒಂದು ಚರ್ಮದ ಪಟ್ಟಿ ಕಟ್ಟಿಕೊಂಡರು. ಅದರೊಳಗೆ ನನ್ನ ಮುಂಗೈ ಉದ್ದದ ರಿವಾಲ್ವರ್, 44 ಮ್ಯಾಗ್ನಮ್. ಸೊಂಟದಲ್ಲಿಟ್ಟರೆ ಬೆನ್ನುಚೀಲದ ಪಟ್ಟಿ ಅಡ್ಡ ಬರುತ್ತದಂತೆ, ಅದಕ್ಕೇ ಎದೆಯ ಮೇಲೆ.

ನನ್ನ ಎಂಟು ವರ್ಷದ ಮಗ ಬಾಯಿ ಬಿಟ್ಟು ನೋಡಿದ. "ಇದು ಕರಡಿಗೆ" ಎಂದರು ಅವರು, ಕೊಡೆ ಮಳೆಗೆ ಎಂದ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಊರಿನಲ್ಲಿ ಕಾಡಿಗೆ ಹೋಗುವಾಗ ಏನು ಹಿಡಿದುಕೊಳ್ಳುತ್ತೀರಿ?" ಎಂದು ಕೇಳಿದರು.

ನಾನು ಉತ್ತರ ಹುಡುಕುವಷ್ಟರಲ್ಲಿ ಮಗ ಹೇಳಿಬಿಟ್ಟ: "ಅಮ್ಮನ ಅಜ್ಜನ ಹತ್ತಿರ ಗನ್ ಇತ್ತು. ಆದರೆ ಅದು ಮಂಗಗಳಿಗೆ ಸುಳ್ಳು ಹೇಳುವ ಗನ್."

ಅವರು ನಕ್ಕದ್ದು ಎಷ್ಟೆಂದರೆ ಕಣ್ಣಲ್ಲಿ ನೀರು ಬಂತು. ನಾನೂ ನಕ್ಕೆ. ಆದರೆ ದಾರಿಯುದ್ದಕ್ಕೂ ಆ ಮಾತು ನನ್ನನ್ನು ಬಿಡಲಿಲ್ಲ.

ಕಥೆ ನಾನೇ ಅವನಿಗೆ ಹೇಳಿದ್ದು. ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ, ಅಡಿಕೆ ತೋಟದ ಮನೆ. ಚಾವಡಿಯ ಗೋಡೆಯಲ್ಲಿ ಎರಡು ಮರದ ಗೂಟ, ಅದರ ಮೇಲೆ ಅಜ್ಜನ ಕೇಪಿನ ಕೋವಿ. ನಾವು ಅದನ್ನು ಬೆಡಿ ಎನ್ನುತ್ತಿದ್ದೆವು. ಕುಂಬಳೆ ದೇವಸ್ಥಾನದ ಜಾತ್ರೆಯಲ್ಲಿ ಸುಡುವ ಪಟಾಕಿಗೂ ಬೆಡಿ ಎಂದೇ ಹೆಸರು. ಎರಡೂ ಒಂದೇ ಎಂದು ನಾನು ತುಂಬ ದಿನ ತಿಳಿದಿದ್ದೆ. ಅಜ್ಜನ ಮಟ್ಟಿಗೆ ಅದು ತಪ್ಪೂ ಆಗಿರಲಿಲ್ಲ ಬಿಡಿ.

ಮಂಗಗಳು ತೆಂಗಿನ ಬೊಂಡಕ್ಕೆ ಇಳಿದವೆಂದರೆ ಅಜ್ಜ ಕೋವಿ ಇಳಿಸುತ್ತಿದ್ದರು. ನಳಿಗೆಯ ಬಾಯಿಂದ ಒಂದು ಅಳತೆ ಮದ್ದು ಸುರಿಯುವುದು. ಮೇಲೆ ತೆಂಗಿನ ನಾರಿನ ಉಂಡೆ. ಗಜ ಎಂಬ ಉದ್ದ ಸರಳಿನಿಂದ ನಾಲ್ಕು ಸಲ ಕುಟ್ಟುವುದು. ಕುಟ್ಟಿದ್ದು ಸಾಕೋ ಸಾಲದೋ ಎಂದು ಗಜ ಎಷ್ಟು ಹೊರಗೆ ನಿಂತಿದೆ ಎಂಬುದನ್ನು ಬೆರಳಲ್ಲಿ ಅಳೆದು ನೋಡುವುದು. ಆಮೇಲೆ ಮದ್ದಿಗೆ ಕಿಡಿ ಹತ್ತಿಸುವ ಕೇಪು. ಚರೆ, ಅಂದರೆ ಸಣ್ಣ ಗುಂಡುಗಳನ್ನು, ಮಾತ್ರ ಹಾಕುತ್ತಿರಲಿಲ್ಲ. "ಹನುಮಂತನಿಗೆ ಹೊಡೆಯಲಿಕ್ಕುಂಟಾ?" ಎನ್ನುತ್ತಿದ್ದರು. ಢಮ್ ಎಂದರೆ ಇಡೀ ಬಯಲು ನಡುಗುತ್ತಿತ್ತು, ಕೊಟ್ಟಿಗೆಯಲ್ಲಿ ದನ ಹಗ್ಗ ಜಗ್ಗುತ್ತಿತ್ತು. ಮಂಗಗಳು ಆಚೆಯ ಹಲಸಿನ ಮರಕ್ಕೆ ಹಾರಿ ಕೂತುಕೊಳ್ಳುತ್ತಿದ್ದವು. ಅಜ್ಜ ಕೋವಿ ಒರೆಸಿ ಗೂಟಕ್ಕೆ ಏರಿಸಿ, ಎಲೆ ಅಡಿಕೆ ಬಾಯಿಗೆ ಹಾಕುವಷ್ಟರಲ್ಲಿ ಅವು ವಾಪಸ್. ಸುಳ್ಳು ಅವುಗಳಿಗೆ ಯಾವಾಗಲೋ ಗೊತ್ತಾಗಿತ್ತು.

ಆ ಕೋವಿಯ ಲೈಸೆನ್ಸ್ ಮದ್ರಾಸು ಸರಕಾರದ ಕಾಲದ್ದು, ಸೌತ್ ಕೆನರಾ ಎಂಬ ಮೊಹರಿನದ್ದು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಮೊದಲು ಮಲಬಾರು, ಆಮೇಲೆ ಕಣ್ಣೂರು, 1984ರಲ್ಲಿ ಕಾಸರಗೋಡು ಎಂದು ಜಿಲ್ಲೆಯೂ ಬದಲಾಗುತ್ತಾ ಹೋಯಿತು. ಕೋವಿ ಮಾತ್ರ ಗೂಟ ಬಿಟ್ಟು ಕದಲಲಿಲ್ಲ. ಅಜ್ಜ ಮಲಯಾಳ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಲೈಸೆನ್ಸಿನ ಕಾಗದ ಬಂದಾಗಲೆಲ್ಲ ಪೇಟೆಯ ಟೈಲರನ ಹತ್ತಿರ ಓದಿಸಿಕೊಂಡು ಬರುತ್ತಿದ್ದರು. ತನ್ನ ಕೋವಿಯ ಬಗ್ಗೆ ಏನು ಬರೆದಿದೆ ಎಂದು ತನಗಿಂತ ಮೊದಲು ಟೈಲರನಿಗೆ ಗೊತ್ತಾಗುತ್ತದೆ ಎಂಬುದು ಅವರ ಬೇಜಾರು.

ಇಲ್ಲಿ ಕಾಗದದ ಗೋಜೇ ಕಡಿಮೆ. ಅಲಾಸ್ಕದಲ್ಲಿ 21 ವರ್ಷ ತುಂಬಿದವರು ಕೋವಿಯನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ತಿರುಗಲು 2003ರಿಂದ ಪರ್ಮಿಟ್ ಬೇಡ. ರಾಷ್ಟ್ರೀಯ ಉದ್ಯಾನಗಳ ಒಳಗೆ ಕೋವಿ ಒಯ್ಯಲೂ 2010ರ ಫೆಬ್ರವರಿಯಿಂದ ಬಿಟ್ಟಿದ್ದಾರೆ. ಆದರೆ ಬಹುತೇಕ ಉದ್ಯಾನಗಳಲ್ಲಿ ಅದನ್ನು ಹಾರಿಸುವ ಹಾಗಿಲ್ಲ! ಅಜ್ಜ ಹಾರಿಸುತ್ತಿದ್ದರು, ಚರೆ ಇರಲಿಲ್ಲ. ಇವರಲ್ಲಿ ಗುಂಡು ಉಂಟು, ಹಾರಿಸಲಿಕ್ಕಿಲ್ಲ. ಸುಳ್ಳು ಹೇಳುವುದರಲ್ಲಿ ಯಾವುದು ಮುಂದೆಯೋ.

ನಮ್ಮಂಥ ವೀಸಾದವರ ಕಥೆ ಇನ್ನೂ ತಮಾಷೆ. ಕೋವಿ ಬಿಡಿ, ಒಂದು ತೋಟೆ ಇಟ್ಟುಕೊಂಡರೂ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಆದರೆ ಬೇಟೆಯ ಲೈಸೆನ್ಸ್ ಮಾಡಿಸಿಕೊಂಡರೆ ಅಡ್ಡಿಯಿಲ್ಲ. ಹುಟ್ಟಿದಲ್ಲಿಂದ ಬದನೆಕಾಯಿ ಬಿಟ್ಟು ಬೇರೇನನ್ನೂ ಕೊಚ್ಚದ ನಾನು ಬೇಟೆಗಾರ್ತಿ ಎಂದು ಬರೆಸಿಕೊಳ್ಳಬೇಕು! ಪಕ್ಕದ ಮನೆಯವರು ಗುಂಡು ಹೊಡೆಯಲು ಕಲಿಸುತ್ತೇನೆ ಎಂದು ಎರಡು ಸಲ ಕರೆದಿದ್ದಾರೆ. ವೀಸಾದ ನೆಪ ಹೇಳಿ ತಪ್ಪಿಸಿಕೊಂಡಿದ್ದೇನೆ.

ಹಾಗಾಗಿ ನನ್ನ ಸೊಂಟದಲ್ಲಿ ಇದ್ದದ್ದು ಸ್ಪ್ರೇ ಡಬ್ಬ. ಒಳಗಿರುವುದು ಮೆಣಸಿನ ಖಾರವೇ. ಒತ್ತಿದರೆ ಒಂಬತ್ತು ಮೀಟರಿನವರೆಗೆ ಕಿತ್ತಳೆ ಬಣ್ಣದ ಹೊಗೆ. ಏಳೆಂಟು ಸೆಕೆಂಡಿನಲ್ಲಿ ಡಬ್ಬ ಖಾಲಿ. ಗಾಳಿ ನಮ್ಮ ಕಡೆಗೆ ಬೀಸುತ್ತಿದ್ದರೆ ಖಾರ ನಮಗೇ. ಕರಡಿ ಓಡಿಸಲು ಮೆಣಸು ಎಂದಾಗ ನಾನು ಮೊದಲು ನಂಬಿರಲಿಲ್ಲ. ಅಂದು ರಾತ್ರಿ ಮಗ ಮಲಗಿದ ಮೇಲೆ ಕುಳಿತು ಓದಿದೆ. ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಅವರ ಜೊತೆಯವರು ಅಲಾಸ್ಕದಲ್ಲಿ ಕರಡಿ ಎದುರಾದ ಘಟನೆಗಳನ್ನೇ ಒಟ್ಟು ಮಾಡಿದ್ದಾರೆ. 2008ರಲ್ಲಿ ಬಂದ ಲೆಕ್ಕದಲ್ಲಿ, ಸ್ಪ್ರೇ ಹೊಡೆದಾಗ ಕಂದು ಕರಡಿ 100ಕ್ಕೆ 92 ಸಲ ತನ್ನ ಹಠ ಬಿಟ್ಟಿದೆ. 2012ರಲ್ಲಿ ಕೋವಿಯ ಲೆಕ್ಕ ಬಂತು, 269 ಘಟನೆಗಳದ್ದು. ಅದರಲ್ಲಿ ಪಿಸ್ತೂಲು, ರಿವಾಲ್ವರು ಕರಡಿಯನ್ನು ತಡೆದದ್ದು 100ಕ್ಕೆ 84 ಸಲ, ಉದ್ದ ಕೋವಿ 76 ಸಲ. ಅದಕ್ಕಿಂತ ನನಗೆ ತಟ್ಟಿದ್ದು ಇನ್ನೊಂದು ಸಾಲು. ಕೋವಿ ಇದ್ದು ಹಾರಿಸಿದವರಿಗೂ, ಇದ್ದು ಹಾರಿಸದವರಿಗೂ ಆದ ಗಾಯದಲ್ಲಿ ವ್ಯತ್ಯಾಸವೇ ಕಾಣಲಿಲ್ಲವಂತೆ.

ಇದನ್ನು ಮರುದಿನ ಬೇಲಿಯ ಬಳಿ ಹೇಳಿದೆ. ಅವರು ಬೇಸರಿಸಲಿಲ್ಲ. "ನನಗೂ ಗೊತ್ತು. ಸ್ಪ್ರೇಯೂ ಇದೆ ನನ್ನ ಹತ್ತಿರ. ಈ ರಿವಾಲ್ವರಿನಿಂದ ನಾನು ಇವತ್ತಿನವರೆಗೆ ಹೊಡೆದದ್ದು ರಟ್ಟಿನ ಕರಡಿಗೆ ಮಾತ್ರ" ಎಂದರು. ನಿಜವಾದದ್ದಕ್ಕೆ ಹೊಡೆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಜೀವ ಉಳಿಸಿಕೊಳ್ಳಲು ಹೊಡೆದೆ ಎಂದು ಬರೆದುಕೊಡಬೇಕು. ಉಗುರು ಸಮೇತ ಚರ್ಮ ಸುಲಿದು, ತಲೆಬುರುಡೆ ಸೇರಿಸಿ ವನ್ಯಜೀವಿ ಇಲಾಖೆಗೆ ಒಪ್ಪಿಸಬೇಕು. ಮನೆಯ ಕಸ ಹೊರಗಿಟ್ಟು ಕರಡಿಯನ್ನು ತಾನೇ ಕರೆಸಿಕೊಂಡಿದ್ದರೆ ಆ ನೆವವೂ ನಡೆಯುವುದಿಲ್ಲ.

ಗುಡ್ಡದಲ್ಲಿ ಅವರು ಮಾಡಿದ್ದು ಕೋವಿ ಮುಟ್ಟುವ ಕೆಲಸವನ್ನಲ್ಲ. ತಿರುವು ಬಂದಲ್ಲೆಲ್ಲ "ಹೇ ಬೇರ್" ಎಂದು ಕೂಗುತ್ತಿದ್ದರು. ಚಳಿಗಾಲದ ನಿದ್ದೆಗೆ ಮೊದಲು ಕರಡಿಗಳು ಹೊಟ್ಟೆ ತುಂಬಿಸಿಕೊಳ್ಳುವುದು ಇದೇ ಹಣ್ಣಿನಿಂದ. ಅವುಗಳ ತಟ್ಟೆಗೇ ನಾವು ಕೈ ಹಾಕಿರುತ್ತೇವೆ. ಮೊದಲೇ ತಿಳಿಸಿದರೆ ಅವು ಸರಿದು ಹೋಗುತ್ತವೆ, ದಿಢೀರ್ ಎದುರಾದರೆ ಕಷ್ಟ. ಆ ಕೂಗು ಕೇಳಿ ನನಗೆ ಅಜ್ಜನ ಕೂ ನೆನಪಾಯಿತು. ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವಾಗ ಅವರು ಕೋವಿ ಒಯ್ಯುತ್ತಿರಲಿಲ್ಲ. ಕೈಯಲ್ಲಿ ಉರಿಯುವ ಸೂಟೆ, ಬಾಯಲ್ಲಿ ಯಕ್ಷಗಾನದ ಒಂದು ಪದ. ತೋಡು ದಾಟಿದ ಮೇಲೆ ಒಂದು ಕೂ ಹಾಕುತ್ತಿದ್ದರು. ಅಂಗಳದಿಂದ ಅಜ್ಜಿ ಮರುಕೂ ಹಾಕಬೇಕು. ಅಜ್ಜನ ಕೂ ಬರಲು ತಡವಾದರೆ ಅಜ್ಜಿ ಒಲೆಯ ಮೇಲಿನದ್ದನ್ನು ಇಳಿಸಿ ಬಂದು ಮೆಟ್ಟಿಲಲ್ಲಿ ನಿಲ್ಲುತ್ತಿದ್ದರು.

ಮಗನಿಗೆ ಕೂ ಹಾಕಲು ಕಲಿಸಿದೆ. ಇಳಿಯುವಾಗ ಮೂವರೂ ಕೂ ಹಾಕಿಕೊಂಡೇ ಇಳಿದೆವು. ಕರಡಿಯ ಸುಳಿವಿಲ್ಲ.

ಇಷ್ಟು ಹೊತ್ತು ನಗುತ್ತಾ ಬರೆದೆ. ನಗು ಬಾರದ ವಿಷಯ ಒಂದಿದೆ.

ಪಕ್ಕದ ಮನೆಯವರ ಪ್ರಶ್ನೆಗೆ ನಾನು ಆಮೇಲೆ ಕೊಟ್ಟ ಉತ್ತರ "ಏನೂ ಹಿಡಿದುಕೊಳ್ಳುವುದಿಲ್ಲ, ಹೆಚ್ಚೆಂದರೆ ಒಂದು ಕತ್ತಿ" ಎಂದು. ಅದನ್ನು ಹೇಳುವಾಗ ನನಗೆ ಸ್ವಲ್ಪ ಜಂಬವೇ ಇತ್ತು. ನಮ್ಮವರಿಗೆ ಇವರ ಹಾಗೆ ಹೆದರಿಕೆ ಇಲ್ಲ ಎಂಬ ಜಂಬ. ಭಾನುವಾರ ಊರಿಗೆ ಫೋನ್ ಮಾಡಿದೆ. ಮೂರು ವಾರದ ಹಿಂದೆ ದೊಡ್ಡಪ್ಪನ ಮಗ ಅಣ್ಣ ಬೆಳಗಿನ ಜಾವ ಸ್ಕೂಟರಿನಲ್ಲಿ ಡೈರಿಗೆ ಹಾಲು ಒಯ್ಯುವಾಗ ಕಾಡುಹಂದಿ ಅಡ್ಡ ನುಗ್ಗಿದೆ. ಕಾಲಿನ ಎಲುಬು ಎರಡು ಕಡೆ ಮುರಿದಿದೆ, ಒಳಗೆ ರಾಡ್ ಹಾಕಿದ್ದಾರೆ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿ ಎಂತ ಮಾಡುವುದು ಮಾರಾಯ್ತಿ, ನಿನಗೆ ಸುಮ್ನೆ ತಲೆಬಿಸಿ."

ಅಜ್ಜನ ನಂತರ ಕೋವಿ ದೊಡ್ಡಪ್ಪನ ಹೆಸರಿಗೆ ಬಂದಿತ್ತು. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಎಲ್ಲರ ಹಾಗೆ ಕೋವಿಯನ್ನು ಪೊಲೀಸರ ಹತ್ತಿರ ಠೇವಣಿ ಇಟ್ಟು ಬಂದರು. ಆ ವರ್ಷವೇ ದೊಡ್ಡಪ್ಪ ತೀರಿಕೊಂಡರು. ಅಣ್ಣ ತನ್ನ ಹೆಸರಿಗೆ ಮಾಡಿಸಲು ಒಂದು ಆಫೀಸಿಗೆ ಹೋಗಿ ಬರುತ್ತಲೇ ಇದ್ದಾನೆ. 2022ರ ಮೇಯಲ್ಲಿ ಕೇರಳ ಸರಕಾರ ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತಿಗೇ ಕೊಟ್ಟಿತು. ಕೊಂದದ್ದನ್ನು ಹೂಳಬೇಕು, ತಿನ್ನುವ ಹಾಗಿಲ್ಲ. "ಅನುಮತಿ ಉಂಟು, ಹೊಡೆಯುವವರಿಲ್ಲ" ಎನ್ನುತ್ತಾನೆ ಅಣ್ಣ. "ಲೈಸೆನ್ಸ್ ಇದ್ದವರಿಗೆಲ್ಲ ಕಣ್ಣಿಗೆ ಪೊರೆ ಬಂದಿದೆ."

ಹಂದಿ ಒಂದೇ ಅಲ್ಲ. ದೇಲಂಪಾಡಿ, ಕಾರಡ್ಕ, ಮುಳಿಯಾರಿನ ಕಡೆ ಆನೆ ಕರ್ನಾಟಕದ ಕಾಡಿನಿಂದ ದಾಟಿ ಬರುತ್ತದೆ. ಅದಕ್ಕೆ ಗಡಿ ಯಾವುದು, ರಾಜ್ಯ ಯಾವುದು! ಅಲ್ಲೇ ರಬ್ಬರ್ ಟ್ಯಾಪಿಂಗಿನವರು ಬೆಳಗ್ಗೆ ನಾಲ್ಕು ಗಂಟೆಗೆ ಕತ್ತಲಲ್ಲಿ ಮರದಿಂದ ಮರಕ್ಕೆ ನಡೆಯುತ್ತಾರೆ. ತಲೆಗೆ ಕಟ್ಟಿದ ಒಂದು ಲೈಟು, ಕೈಯಲ್ಲಿ ಟ್ಯಾಪಿಂಗ್ ಕತ್ತಿ. ಇಲ್ಲಿ ಹಣ್ಣು ಕೊಯ್ಯಲು ಹೋಗುವವರಿಗೆ ದಾರಿಯ ಬಾಯಲ್ಲೇ ಬೋರ್ಡು ಇರುತ್ತದೆ, ಕರಡಿ ಎಲ್ಲಿ ಕಂಡಿತು, ಯಾವತ್ತು ಎಂದು. ಹೊಟ್ಟೆಪಾಡಿಗೆ ಕತ್ತಲಲ್ಲಿ ಹೋಗುವ ಅವರಿಗೆ ಯಾರೂ ಏನೂ ಕೊಟ್ಟಿಲ್ಲ. ಅದನ್ನು ಧೈರ್ಯ ಎಂದು ನಾನು ಇಲ್ಲಿ ಕೂತು ಜಂಬ ಪಟ್ಟೆ.

ಎಲ್ಲರೂ ಕೋವಿ ಕಟ್ಟಿಕೊಳ್ಳಲಿ ಎನ್ನುತ್ತಿಲ್ಲ. ಎದೆಗೆ ರಿವಾಲ್ವರ್ ಕಟ್ಟಿಕೊಂಡ ಜನರ ನಡುವೆ ದಿನಸಿ ಅಂಗಡಿಯ ಸಾಲಿನಲ್ಲಿ ನಿಂತಾಗ ನನಗೆ ಈಗಲೂ ಬೆನ್ನು ಬೆವರುತ್ತದೆ. ಅದು ಬೇರೆಯೇ ಹೆದರಿಕೆ, ಅದಕ್ಕೆ ಸ್ಪ್ರೇ ಇಲ್ಲ.

ಅಣ್ಣನಿಗೆ ಮೆಣಸಿನ ಡಬ್ಬದ ಬಗ್ಗೆ ಹೇಳಿದೆ.

"ಹಂದಿಗೆ ಆಗ್ತದಾ? ಬರುವಾಗ ಎರಡು ತಾ."

"ವಿಮಾನದಲ್ಲಿ ಬಿಡುವುದಿಲ್ಲ ಅಣ್ಣ. ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ."

"ಹಾಗಾದರೆ ಮೆಣಸು ಇಲ್ಲೇ ಉಂಟು. ಡಬ್ಬಕ್ಕೆ ಗಾಳಿ ತುಂಬಿಸುವುದು ಹೇಗೆ, ಅದನ್ನು ಹೇಳು."

ಮಗ ಫೋನ್ ಕಸಿದುಕೊಂಡು ಕೂ ಹಾಕಿ ತೋರಿಸಿದ. ಅಣ್ಣ ಅಲ್ಲಿಂದ ಕೂ ಹಾಕಿದ. ಈಗ ಜಗಲಿಯಲ್ಲಿ ಕಾಲು ನೀಡಿಕೊಂಡು ಅವನು ಇದೇ ಕೆಲಸ ಮಾಡುತ್ತಿದ್ದಾನಂತೆ, ಕಾಫಿ ಬೇಕಾದಾಗಲೆಲ್ಲ ಅಡುಗೆಮನೆಯ ಕಡೆಗೆ ಒಂದು ಕೂ. ಅತ್ತಿಗೆ ಮರುಕೂ ಹಾಕುವುದಿಲ್ಲವಂತೆ.