ಎರಡು ಉಸಿರು ಕಡಿಮೆ

ಮಲಗಿಕೊಂಡು ಸಮುದ್ರದ ಅಲೆ ಹಿಡಿಯುವ ಗಾಳಿ ಹಾಸಿಗೆ, ಅಂದರೆ ಸರ್ಫ್ ಮ್ಯಾಟ್. ಅದನ್ನು ಎಣಿಸಿಕೊಂಡೇ ಊದಿದ್ದೆ. 26 ಉಸಿರು. ಕೊನೆಯ ನಾಲ್ಕೈದು ಊದುವಾಗ ಕಣ್ಣು ಕತ್ತಲೆ ಬಂದು ಮರಳ ಮೇಲೆ ಕೂತುಬಿಟ್ಟೆ. ಆದರೂ ಬಿಡಲಿಲ್ಲ. ಬೆರಳಲ್ಲಿ ತಟ್ಟಿದರೆ ತಮಟೆ ಥರ ಸದ್ದು ಬರಬೇಕು ಅನ್ನೋದು ನನ್ನ ಲೆಕ್ಕ. ಚಕ್ರದಲ್ಲಿ ಗಾಳಿ ಕಡಿಮೆ ಇದ್ದರೆ ಸೈಕಲ್ ತುಳಿಯಲು ಆಗುವುದಿಲ್ಲ ಅಂತ ಚಿಕ್ಕಂದಿನಿಂದ ಗೊತ್ತಿರುವವಳು ನಾನು. ನೀರಿನ ಮೇಲೆ ಓಡುವ ವಸ್ತುವಿಗೂ ಅದೇ ನಿಯಮ ಇರಬೇಕಲ್ವಾ?

ಇಲ್ಲವಂತೆ. ಅದು ಗೊತ್ತಾಗಲು ನನಗೆ ಅರ್ಧ ಗಂಟೆ ಹಿಡಿಯಿತು. ಜೊತೆಗೆ ಒಂದು ಲೋಟದಷ್ಟು ಉಪ್ಪು ನೀರು ಹೊಟ್ಟೆಗೆ ಹೋಯಿತು.

ಸರ್ಫ್ ಮ್ಯಾಟ್ ನನ್ನ ಕೈಗೆ ಬಂದದ್ದು ಮೊಣಕಾಲಿನ ದಯೆಯಿಂದ. ಎರಡು ವರ್ಷ ಸರ್ಫ್ ಬೋರ್ಡ್ ಮೇಲೆ ನಿಲ್ಲಲು ಒದ್ದಾಡಿದ್ದೆ. ಸರಿಯಾಗಿ ನಿಂತದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ. ಆಮೇಲೆ ಎಡ ಮೊಣಕಾಲು 'ಇನ್ನು ನನ್ನನ್ನು ಬಿಟ್ಟುಬಿಡು' ಅಂದಿತು. ಆಗ ಗೆಳತಿಯೊಬ್ಬಳು ಸುರುಳಿ ಸುತ್ತಿದ ಬಟ್ಟೆಯ ಗಂಟೊಂದನ್ನು ಕೈಗಿಟ್ಟು, "ಮಲಗಿಕೊಂಡೇ ಅಲೆ ಹಿಡಿ, ಯಾರು ಬೇಡ ಅಂತಾರೆ?" ಅಂದಳು. ಗಂಟು ಬಿಚ್ಚಿದರೆ ನೈಲಾನ್ ಬಟ್ಟೆಯ ಚಿಕ್ಕ ಹಾಸಿಗೆ. ಒಳಗೆ ಉದ್ದುದ್ದಕ್ಕೆ ನಾಲ್ಕು ಕೊಳವೆಗಳು, ಗಾಳಿ ಒಂದರಿಂದ ಇನ್ನೊಂದಕ್ಕೆ ಓಡಾಡಲು ನಡುವೆ ದಾರಿ. ಒಂದು ಮೂಲೆಯಲ್ಲಿ ಬಾಯಿಂದ ಊದುವ ವಾಲ್ವ್. ಅಷ್ಟೇ. ಉದ್ದ ನನ್ನ ಎದೆಯವರೆಗೂ ಬರುವುದಿಲ್ಲ. ತೂಕ ಒಂದು ಜೊತೆ ಚಪ್ಪಲಿಯಷ್ಟು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಅವಮಾನವೇ ಆಯಿತು. ಈಜುಕೊಳದಲ್ಲಿ ಮಕ್ಕಳು ತೇಲಿಸುವ ಗಾಳಿ ಹಾಸಿಗೆ ಥರ ಕಾಣುತ್ತಿತ್ತು.

ಆ ಬೆಳಿಗ್ಗೆ ಅಲೆ ಸೊಂಟದೆತ್ತರ ಇತ್ತು. ಗಾಳಿ ಹೆಚ್ಚೇನೂ ಇರಲಿಲ್ಲ. ನನ್ನ ತಮಟೆಯನ್ನು ಎದೆಗವಚಿಕೊಂಡು ನೀರಿಗಿಳಿದೆ. ಮೊದಲ ನೊರೆ ಬಂದು ಅದನ್ನು ನನ್ನ ಮೂಗಿಗೆ ಬಡಿಯಿತು. ಎರಡನೆಯದು ಕೈಯಿಂದ ಕಿತ್ತುಕೊಂಡು ದಡಕ್ಕೆ ಎಸೆಯಿತು. ಹೇಗೋ ಆಚೆ ದಾಟಿ ಒಂದು ಅಲೆ ಹಿಡಿದೆ ಅಂದುಕೊಳ್ಳುವಷ್ಟರಲ್ಲಿ ಮ್ಯಾಟ್ ಬಿಸಿ ಬಾಣಲೆಗೆ ಬಿದ್ದ ನೀರಹನಿ ಥರ ಟಪಟಪ ನೆಗೆಯತೊಡಗಿತು. ನಾನು ಒಂದು ಕಡೆ, ಅದು ಇನ್ನೊಂದು ಕಡೆ. ಹೀಗೇ ನಾಲ್ಕು ಸಲ. ಬೋರ್ಡಿನ ಮೇಲೆ ಕೂತಿದ್ದ ಇಬ್ಬರು ಹುಡುಗರು ನಗು ತಡೆಯಲು ಬಹಳ ಕಷ್ಟಪಡುತ್ತಿದ್ದರು. ಪಾಪ, ಅವರ ತಪ್ಪೇನಿಲ್ಲ.

"ಗಾಳಿ ಜಾಸ್ತಿ ಆಯ್ತಮ್ಮಾ."

ತಿರುಗಿ ನೋಡಿದೆ. ನೀರಿನ ಮೇಲೆ ಒಂದು ಬಿಳಿ ತಲೆ, ಎರಡು ಭುಜ. ಕೆಳಗೆ ಏನಿದೆ ಅಂತಲೇ ಕಾಣುತ್ತಿಲ್ಲ. ಅವರ ಮ್ಯಾಟ್ ಅಷ್ಟು ಮೆತ್ತಗೆ, ಅಷ್ಟು ಮುಳುಗಿಕೊಂಡಿತ್ತು. ಆಮೇಲೆ ಗೊತ್ತಾಯಿತು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಾರೆ.

"ವಾಲ್ವ್ ಬಿಚ್ಚಿ. ಎರಡು ಉಸಿರು ಬಿಡಿ."

"ಮುಳುಗಲ್ವಾ?"

"ಬಿಡಿ, ಹೇಳ್ತೀನಿ."

ಬಿಟ್ಟೆ. 26 ಸಲ ಕಷ್ಟಪಟ್ಟು ಊದಿದ ಗಾಳಿ ಅದು. ಹೊಟ್ಟೆ ಉರಿಯಿತು. ಅವರು ಮ್ಯಾಟನ್ನು ಒತ್ತಿ ನೋಡಿ, "ಇನ್ನೂ ಒಂದು" ಅಂದರು. ಅದನ್ನೂ ಬಿಟ್ಟೆ. ಈಗ ಮೇಲೆ ಮಲಗಿದರೆ ಮ್ಯಾಟ್ ನಡುವೆ ಬಾಗಿ ತೊಟ್ಟಿಲಿನಂತೆ ನನ್ನನ್ನು ಒಳಕ್ಕೆ ಎಳೆದುಕೊಂಡಿತು. ಎದೆಯ ಕೆಳಗೆ ನೀರು ಉಬ್ಬುವುದು, ತಗ್ಗುವುದು ಎರಡೂ ಬಟ್ಟೆಯ ಮೂಲಕ ಗೊತ್ತಾಗುತ್ತಿತ್ತು.

ಮೇಷ್ಟ್ರು ಅಲ್ಲೇ ತೇಲುತ್ತಾ ಪಾಠ ಶುರು ಮಾಡಿದರು. ಗಟ್ಟಿಯಾಗಿ ಊದಿದ ಮ್ಯಾಟ್ ಚೆಂಡಿನಂತೆ. ನೀರಿನ ಮೇಲಿನ ಪ್ರತಿ ಸಣ್ಣ ಉಬ್ಬಿಗೂ ಪುಟಿಯುತ್ತದೆ. ಗಾಳಿ ಕಡಿಮೆ ಇದ್ದರೆ ಅದರ ಅಡಿಭಾಗ ಅಲೆಯ ಆಕಾರವನ್ನೇ ತಾನೂ ಪಡೆಯುತ್ತದೆ. ಉಬ್ಬು ಬಂದ ಕಡೆ ಗಾಳಿ ಹಿಂದಕ್ಕೆ ಸರಿದು ಜಾಗ ಬಿಡುತ್ತದೆ. ಕುಲುಕಾಟ ಮ್ಯಾಟಿನೊಳಗೇ ಕರಗಿಹೋಗುತ್ತದೆ, ಓಟ ಉಳಿಯುತ್ತದೆ. ತಿರುಗಬೇಕೆಂದರೆ ಅಲೆಯ ಕಡೆಗಿರುವ ಮುಂದಿನ ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಬೇಕು. ಅಲ್ಲಿನ ಗಾಳಿ ಬೇರೆ ಕಡೆಗೆ ನುಗ್ಗಿ ಅಂಚು ಬಿಗಿಯಾಗುತ್ತದೆ, ಅಲೆಯನ್ನು ಕಚ್ಚಿ ಹಿಡಿಯುತ್ತದೆ. ಕೈ ಸಡಿಲಿಸಿದರೆ ಮತ್ತೆ ಮೆತ್ತಗೆ. ಮರದ ಬೋರ್ಡಾಗಲಿ ಫೋಮ್ ಬೋರ್ಡಾಗಲಿ, ಆಕಾರ ಕೊಡುವುದು ಅದನ್ನು ಕೆತ್ತಿದವನು. ಮ್ಯಾಟಿಗೆ ಆಕಾರ ಕೊಡುವುದು ಸವಾರಿ ಮಾಡುವವರ ಕೈ, ಅದೂ ಆ ಕ್ಷಣಕ್ಕೆ ಮಾತ್ರ.

"ಇನ್ನೊಂದು ವಿಷ್ಯ. ದಡದಲ್ಲಿ ಸರಿಯಾಗಿದೆ ಅನ್ಸಿದ್ದು ನೀರಲ್ಲಿ ಸರಿ ಇರಲ್ಲ. ನಿಮ್ಮ ಉಸಿರು ಬಿಸಿ, ಸಮುದ್ರ ತಣ್ಣಗೆ. ಹತ್ತು ನಿಮಿಷದಲ್ಲಿ ಗಾಳಿ ಕುಗ್ಗತ್ತೆ. ಆಗ ಅರ್ಧ ಉಸಿರು ಸೇರಿಸ್ಕೊಳ್ಳಿ."

ಅದಕ್ಕೇ ಇವರೆಲ್ಲ ಸಮುದ್ರದ ನಡುವೆ ಆಗಾಗ ಮ್ಯಾಟಿನ ಮೂಲೆಗೆ ಬಾಯಿ ಹಚ್ಚಿಕೊಂಡಿರುತ್ತಾರೆ. ದೂರದಿಂದ ನೋಡಿದರೆ ಕಿವಿಯಲ್ಲಿ ಗುಟ್ಟು ಹೇಳುತ್ತಿರುವಂತೆ ಕಾಣುತ್ತದೆ.

ಕಾಲಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಫಿನ್, ಅಂದರೆ ಈಜಲು ಪಾದಕ್ಕೆ ಹಾಕಿಕೊಳ್ಳುವ ರೆಕ್ಕೆ, ಇಲ್ಲದೆ ಮ್ಯಾಟ್ ಹಿಡಿದು ಅಲೆಗಳ ಆಚೆ ಹೋಗಲೇಬೇಡಿ. ದಡದಿಂದ ಸಮುದ್ರದ ಕಡೆ ಗಾಳಿ ಬೀಸುವಾಗ ಗಾಳಿ ತುಂಬಿದ ವಸ್ತು ಎಲೆಯಂತೆ ಒಳಕ್ಕೆ ತೇಲಿಹೋಗುತ್ತದೆ. ವಾಪಸ್ ತರುವುದು ನಿಮ್ಮ ಕಾಲೇ. ಮ್ಯಾಟ್ ಕೈತಪ್ಪಿದರೂ ಈಜಿ ಬರುವಷ್ಟು ತ್ರಾಣ ಇರಬೇಕು. ಇದನ್ನು ಹೇಳುವಾಗ ಮಾತ್ರ ಮೇಷ್ಟ್ರ ಮುಖದಲ್ಲಿ ನಗು ಇರಲಿಲ್ಲ.

ಆಮೇಲೆ ಆ ಅಲೆ ಬಂತು.

ದೊಡ್ಡದೇನಲ್ಲ. ಅದೇ ಸೊಂಟದೆತ್ತರದ್ದು. "ಒದೀರಿ, ಒದೀರಿ" ಅಂದರು. ಒದೆಯುತ್ತಾ ಹೋದೆ. ಬೋರ್ಡಿನವರು ಇನ್ನೂ ಕಾಯುತ್ತಾ ಕೂತಿರುವಾಗಲೇ, ಅಲೆ ಮುರಿಯುವುದಕ್ಕೂ ಎಷ್ಟೋ ಮೊದಲೇ, ಮ್ಯಾಟಿನ ಕೆಳಗೆ ಏನೋ ಎತ್ತಿಕೊಂಡಂತಾಯಿತು. ಕಾಲು ನಿಲ್ಲಿಸಿದೆ. ಓಟ ನಿಲ್ಲಲಿಲ್ಲ. ಸದ್ದಿಲ್ಲ. ಕುಲುಕಾಟ ಇಲ್ಲ. ಗಲ್ಲ ನೀರಿಗಿಂತ ಒಂದು ಗೇಣು ಮೇಲೆ. ಎದುರಿಗೆ ಹಸಿರು ಇಳಿಜಾರು ನನಗೋಸ್ಕರವೇ ಬಿಚ್ಚಿಕೊಳ್ಳುತ್ತಿದೆ. ಬಲಗೈಯ ಮೂಲೆಯನ್ನು ಹಿಂಡಿದೆ. ಮ್ಯಾಟ್ ನಿಜವಾಗಿಯೂ ತಿರುಗಿತು! ಅಲೆಯ ಗೋಡೆಗೆ ಅಂಟಿಕೊಂಡು ಅಡ್ಡ ಓಡಿತು. ಸೊಂಟದೆತ್ತರದ ಅಲೆ ಅಲ್ವಾ, ಮಲಗಿದವಳ ಕಣ್ಣಿಗೆ ಅದು ಎರಡಾಳೆತ್ತರ. ನೊರೆಯ ಸದ್ದು ಕಿವಿಯ ಹಿಂದೆಯೇ ಬರುತ್ತಿತ್ತು. ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ, ಬೋರ್ಡಿನ ಹುಡುಗರು ಆಮೇಲೆ ಹೇಳಿದ್ದು.

ಆ ವೇಗದಲ್ಲಿ ಅರ್ಧ ಕಣ್ಣಿನ ಮೋಸ ಇರಬಹುದು. ನೀರಿಗೆ ಅಷ್ಟು ಹತ್ತಿರ ಇದ್ದರೆ ಎಲ್ಲವೂ ಜೋರಾಗಿಯೇ ಓಡುತ್ತದೆ. ಇರಲಿ, ಮೋಸ ಹೋಗಲು ನಾನು ತಯಾರಿದ್ದೇನೆ.

ಅಲೆ ಮುಗಿಯುವ ಹೊತ್ತಿಗೆ ಖುಷಿಯಲ್ಲಿ ಎರಡೂ ಕೈ ಎತ್ತಿಬಿಟ್ಟೆ. ಮ್ಯಾಟಿಗೆ ಬೋರ್ಡಿನ ಹಾಗೆ ಕಾಲಿಗೆ ಕಟ್ಟುವ ಹಗ್ಗ ಇರಲಿಲ್ಲ. ಅದು ಒಂದೇ ನೆಗೆತಕ್ಕೆ ಹಾರಿ ದಡದ ಹುಡುಗನೊಬ್ಬನ ಕಾಲಬುಡಕ್ಕೆ ಹೋಗಿ ಬಿತ್ತು. ಹತ್ತು ವರ್ಷದವನಿರಬೇಕು. ಎತ್ತಿ ಹಿಡಿದುಕೊಂಡು ನಿಂತಿದ್ದ.

"ಆಂಟಿ, ನಿಮ್ಮ ಹಾಸಿಗೆಯಿಂದ ಗಾಳಿ ಹೋಗ್ತಾ ಇದೆ."

"ಅದು ಹಾಗೇ ಇರ್ಬೇಕಪ್ಪಾ," ಅಂದೆ, ಹೊಸದಾಗಿ ಕಲಿತವರ ಜಂಬದಲ್ಲಿ.

"ಇಲ್ಲ ಆಂಟಿ, ಇಲ್ಲಿ ಕೇಳಿ. ಸುಸ್ ಅಂತಿದೆ."

ನಿಜ. ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು. ನನ್ನ ಮಹಾ ಓಟಕ್ಕೆ ಮೇಷ್ಟ್ರ ಪಾಠದ ಜೊತೆ ಈ ತೂತಿನ ಪಾಲೂ ಇತ್ತು ಅಂತ ಕಾಣುತ್ತದೆ.

ದಡದಲ್ಲಿ ಆಗಲೇ ಇನ್ನೂ ಮೂವರು ಮ್ಯಾಟಿನವರು ಸೇರಿದ್ದರು. ರಾತ್ರಿ ಪಾಳಿ ಮುಗಿಸಿ ನೇರ ಸಮುದ್ರಕ್ಕೆ ಬರುವ ನರ್ಸ್ ಒಬ್ಬರು. ಒಂದೇ ಮ್ಯಾಟ್ ಇಟ್ಟುಕೊಂಡು ಸರದಿಗೆ ಜಗಳವಾಡುವ ಗಂಡ ಹೆಂಡತಿ. ತೂತು ಅಂದದ್ದೇ ತಡ, ಮದುವೆ ಮನೆಯಲ್ಲಿ ಕೆಲಸ ಹಂಚಿಕೊಂಡ ಹಾಗೆ ಎಲ್ಲರೂ ಎದ್ದರು. ಒಬ್ಬರು ಸಿಹಿನೀರಲ್ಲಿ ಮರಳು, ಉಪ್ಪು ತೊಳೆದರು. ನರ್ಸ್ ಚೀಲದಿಂದ ಸೋಪಿನ ನೀರಿನ ಬಾಟಲಿ ತೆಗೆದು ಅಂಚಿಗೆ ಸವರಿದರು. ಗುಳ್ಳೆ ಎದ್ದ ಜಾಗಕ್ಕೆ ಹುಡುಗ ಬೆರಳಿಟ್ಟ. ಪೆನ್ನಲ್ಲಿ ಗುರುತು. ಪೂರ್ತಿ ಒಣಗಿದ ಮೇಲೆ ಗಾಳಿ ತೆಗೆದು ಮಟ್ಟಸವಾಗಿ ಹಾಸಿ, ಯುರೆಥೇನ್ ಅಂಟು ಹಚ್ಚಿ, ಬಟ್ಟೆಯ ಚೂರೊಂದನ್ನು ಕೂರಿಸಿದರು. "ಒಂದು ದಿನ ಮುಟ್ಬೇಡಿ," ಅಂದರು ನರ್ಸ್, ಥೇಟ್ ಆಸ್ಪತ್ರೆಯ ದನಿಯಲ್ಲಿ. "ಬಿಸಿಲಲ್ಲೂ ಊದಿ ಬಿಡಬೇಡಿ. ಒಳಗಿನ ಗಾಳಿ ಕಾದು ಹಿಗ್ಗಿ ಹೊಲಿಗೆ ಬಿಡತ್ತೆ." ಹೊಲಿಗೆ ಅಂದರೆ ದಾರದ್ದಲ್ಲ, ಶಾಖದಲ್ಲಿ ಬೆಸೆದದ್ದು. ಅವರ ಬಾಯಲ್ಲಿ ಹೊಲಿಗೆ ಅಂತಲೇ ಬರುವುದು ಸಹಜ.

ಅಂಟು ಒಣಗುವಾಗ ಮಾತು. ಮ್ಯಾಟಿನವರು ಸುಮ್ನೆ ಕೂರುವವರಲ್ಲ. ಇದು ಹೊಸ ಆಟಿಕೆ ಅಂದುಕೊಂಡಿದ್ದ ನನಗೆ ಇದರ ವಂಶಾವಳಿಯೇ ಸಿಕ್ಕಿತು. 1930ರ ದಶಕದಲ್ಲಿ ಸಿಡ್ನಿಯ ಡಾ. ಅರ್ನೆಸ್ಟ್ ಸ್ಮಿಥರ್ಸ್ ಅನ್ನುವ ವೈದ್ಯರು ರಬ್ಬರಿನ ಗಾಳಿ ಮ್ಯಾಟ್ ಮಾಡಿದರಂತೆ. ಹೆಸರು ಸರ್ಫೋಪ್ಲೇನ್. ಅಲ್ಲಿನ ಕಡಲತೀರಗಳಲ್ಲಿ ಅದನ್ನು ಬಾಡಿಗೆಗೆ ಕೊಡುತ್ತಿದ್ದರು. ಈಗ ಬೋರ್ಡ್ ಮೇಲೆ ನಿಲ್ಲುವ ಎಷ್ಟೋ ಆಸ್ಟ್ರೇಲಿಯನ್ನರ ಅಜ್ಜ ಅಜ್ಜಿಯರು ಮೊದಲ ಅಲೆ ಹಿಡಿದದ್ದು ಅದರ ಮೇಲೇ ಇರಬೇಕು. ಆಮೇಲೆ 1971ರಲ್ಲಿ ಹವಾಯಿಯಲ್ಲಿ ಟಾಮ್ ಮೋರಿ ಅನ್ನುವವನು ಮಲಗಿಕೊಂಡು ಅಲೆ ಹಿಡಿಯುವ ಫೋಮಿನ ಬೂಗಿ ಬೋರ್ಡ್ ಮಾಡಿದ. ಅದನ್ನು ಊದಬೇಕಿಲ್ಲ, ಅದು ಪಂಕ್ಚರ್ ಆಗುವುದಿಲ್ಲ. ಮ್ಯಾಟ್ ಮೂಲೆಗೆ ಸರಿಯಿತು.

ಪೂರ್ತಿ ಅಲ್ಲ. ಜಾರ್ಜ್ ಗ್ರೀನೋ ಹೆಸರು ಬಂದಾಗ ಗಂಡ ಹೆಂಡತಿ ಇಬ್ಬರೂ ಜಗಳ ನಿಲ್ಲಿಸಿ ನೆಟ್ಟಗೆ ಕೂತರು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಬೆಳೆದು ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದವರು. ಟ್ಯೂನಾ ಮೀನಿನ ರೆಕ್ಕೆ ನೋಡಿ ಬೋರ್ಡಿನ ಅಡಿಗೆ ಕೂರಿಸುವ ಫಿನ್ ಹೇಗಿರಬೇಕು ಅಂತ ಯೋಚಿಸಿದವರು. 1966ರ ವಿಶ್ವ ಸರ್ಫಿಂಗ್ ಸ್ಪರ್ಧೆಯಲ್ಲಿ ಆಸ್ಟ್ರೇಲಿಯಾದ ನ್ಯಾಟ್ ಯಂಗ್ ಗೆದ್ದ ಬೋರ್ಡಿನ ಹಿಂದೆ ಇವರ ತಲೆಯೂ ಇತ್ತು. ಬೇರೆಯವರು ಬೋರ್ಡ್ ಮೇಲೆ ನಿಂತು ಹೆಸರು ಮಾಡುತ್ತಿದ್ದಾಗ ಇವರು ಮೊಣಕಾಲೂರಿ, ಇಲ್ಲವೇ ಮ್ಯಾಟ್ ಮೇಲೆ ಮಲಗಿ ಅಲೆ ಹಿಡಿಯುತ್ತಿದ್ದರು. ಯಾವ ಬೋರ್ಡ್ ಬೇಕಾದರೂ ಮಾಡಿಕೊಳ್ಳಬಲ್ಲ ಮನುಷ್ಯ ಗಾಳಿ ಚೀಲವನ್ನು ಆರಿಸಿಕೊಂಡ ಅನ್ನೋದು ನನ್ನ ಅವಮಾನಕ್ಕೆ ಒಳ್ಳೆ ಮದ್ದಾಯಿತು.

ಅಷ್ಟರಲ್ಲಿ ಮೇಷ್ಟ್ರು ತಮ್ಮ ಮ್ಯಾಟನ್ನು ನನ್ನ ಕಡೆ ತಳ್ಳಿದರು. "ನನಗೆ ಸಾಕು. ನೀವು ಹೋಗಿ." ಇದು ಇವರಲ್ಲಿ ದೊಡ್ಡ ವಿಷಯವೇ ಅಲ್ಲ. ಬೋರ್ಡನ್ನು ಯಾರೂ ಹೀಗೆ ಕೊಡುವುದಿಲ್ಲ, ನಾನೂ ಕೊಟ್ಟವಳಲ್ಲ. ಅಲೆಯನ್ನೂ ಹಾಗೇ. ಬೋರ್ಡಿನವರಲ್ಲಿ ಒಂದು ಅಲೆಗೆ ಒಬ್ಬರೇ ಅನ್ನೋ ಕಟ್ಟುನಿಟ್ಟು. ಮುರಿಯುವ ತುದಿಗೆ ಹತ್ತಿರ ಇರುವವರದ್ದು ಅಲೆ, ಉಳಿದವರು ಬಿಟ್ಟುಕೊಡಬೇಕು. ಬೋರ್ಡಿನವರು ಬಂದರೆ ನಾವೂ ಅದನ್ನೇ ಪಾಲಿಸುತ್ತೇವೆ. ಬರೀ ಮ್ಯಾಟಿನವರಿದ್ದರೆ ಬೇರೆ ಕತೆ. ಡಿಕ್ಕಿ ಹೊಡೆದರೂ ಮೆತ್ತೆಗೆ ಮೆತ್ತೆ ತಾಗುತ್ತದೆ. ಆ ದಿನ ಕೊನೆಗೆ ಒಂದೇ ಅಲೆಯಲ್ಲಿ ನಾವು ಮೂವರಿದ್ದೆವು. ನರ್ಸ್ ಮುಂದೆ, ನಡುವೆ ನಾನು, ಹಿಂದೆ ಹೆಂಡತಿ. ಗಂಡ ದಡದಲ್ಲಿ ನಿಂತು "ನನ್ನ ಸರದಿ ಇದು" ಅಂತ ಕೂಗುತ್ತಿದ್ದ. ನಡುವೆ ಎಲ್ಲೋ ನರ್ಸ್ ಕೈಚಾಚಿ ನನ್ನ ಮ್ಯಾಟಿನ ಮೂಲೆ ಹಿಡಿದು ಎಳೆದರು. ನಾನು ಅವರನ್ನು ದಾಟಿ ಮುಂದೆ ಹೋದೆ. ಬಾಯಿ ತೆರೆದು ನಗುವಾಗ ಸಮುದ್ರ ಒಳಗೆ ಬರುತ್ತದೆ ಅನ್ನೋದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ನೋಡಿದರೆ ಹೊಟ್ಟೆಯ ಚರ್ಮ ಉಜ್ಜಿ ಕೆಂಪಾಗಿತ್ತು. ಮ್ಯಾಟಿನ ಬಟ್ಟೆ ಒರಟು. ತೆಳು ಈಜಂಗಿ ಸಾಲದು, ಒಳಗೆ ಇನ್ನೊಂದು ಹಾಕಬೇಕು. ಕಾಲಿನ ಮೀನಖಂಡ ಎರಡು ದಿನ ಮೆಟ್ಟಿಲು ಹತ್ತಲು ಬಿಡಲಿಲ್ಲ. ಮೊಣಕಾಲು ಮಾತ್ರ ಒಂದು ಮಾತೂ ಆಡಲಿಲ್ಲ.

ಮ್ಯಾಟನ್ನು ನೆರಳಲ್ಲಿ ಒಣಗಿಸಿ ಸುರುಳಿ ಸುತ್ತಿಟ್ಟಿದ್ದೇನೆ. ಮರುದಿನವೇ ಗೆಳತಿ ಫೋನ್ ಮಾಡಿ, "ಹೇಗಿತ್ತು? ಯಾವಾಗ ವಾಪಸ್ ಕೊಡ್ತೀಯ?" ಅಂತ ಕೇಳಿದಳು. ತೂತಿನ ವಿಷಯ ಹೇಳಿದೆ. ಪ್ಯಾಚ್ ಇನ್ನೂ ಒಣಗಬೇಕು, ಒಣಗಿದ ತಕ್ಷಣ ತಂದುಕೊಡುತ್ತೇನೆ ಅಂದೆ.

ಅದಾಗಿ ಮೂರು ವಾರವಾಯಿತು. ಇನ್ನೂ ಒಣಗಿಲ್ಲ.