ಹತ್ತು ಡಾಲರ್ ನೋಟಿನ ಮೇಲಿದ್ದ ಖೈದಿ

ಅಪ್ಪ 36 ವರ್ಷ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ನೋಡಿಕೊಂಡವರು. ಸಿಡ್ನಿಗೆ ಬಂದ ಮೇಲೂ ಅಷ್ಟೇ, ಯಾವ ನೋಟು ಸಿಕ್ಕರೂ ಬೆಳಕಿಗೆ ಹಿಡಿದು ನೋಡದೆ ಜೇಬಿಗೆ ಇಳಿಸುತ್ತಿರಲಿಲ್ಲ. ಆಪೆರಾ ಹೌಸ್ ಅರ್ಧ ಗಂಟೆಗೇ ಸಾಕಾಯಿತು. "ಹಳೇದೇನಾದ್ರೂ ತೋರಿಸೋ" ಅಂದರು. ಹಿಂದೆ ಖೈದಿಗಳನ್ನು ಇಟ್ಟಿದ್ದ, ಈಗ ಮ್ಯೂಸಿಯಂ ಆಗಿರುವ ಹೈಡ್ ಪಾರ್ಕ್ ಬ್ಯಾರಕ್ಸ್‌ಗೆ ಕರೆದುಕೊಂಡು ಹೋದೆ. ಟಿಕೆಟ್ ಇಲ್ಲ ಅನ್ನೋದೂ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ.

ಹೊರಗಿನಿಂದ ಹಳೇ ತಾಲ್ಲೂಕು ಕಚೇರಿ ಥರ ಇದೆ. ಇಟ್ಟಿಗೆಯ ಮೂರು ಅಂತಸ್ತು, ನೆತ್ತಿಯಲ್ಲಿ ಗಡಿಯಾರ. "ಇದೇನು ಜೈಲಾ? ಕಂಬಿ ಎಲ್ಲಿ?" ಅಂದರು ಅಪ್ಪ.

ಬ್ರಿಟನ್ನಿನಿಂದ ಹಡಗಿನಲ್ಲಿ ತಂದ ಖೈದಿಗಳು ರಾತ್ರಿ ಮಲಗಲೆಂದು ಕಟ್ಟಿದ್ದು ಇದು. ಹಗಲೆಲ್ಲ ಸರ್ಕಾರದ ಕೆಲಸ. ಕಲ್ಲು ಒಡೆಯಬೇಕು, ಇಟ್ಟಿಗೆ ಮಾಡಬೇಕು, ರಸ್ತೆ ಹಾಕಬೇಕು. 1819ಕ್ಕೆ ಮುಂಚೆ ಇಲ್ಲಿನ ಖೈದಿಗಳು ಊರೊಳಗೇ ಮನೆ ಹುಡುಕಿಕೊಂಡು ಇರುತ್ತಿದ್ದರಂತೆ. ಸರ್ಕಾರಿ ಕೆಲಸ ಮುಗಿಸಿ, ಬೇರೆ ಕಡೆ ಕೂಲಿ ಮಾಡಿ ಬಾಡಿಗೆ ಕಟ್ಟುವುದು. ಖೈದಿ ಅಂದರೆ ಬರೀ ಕೋಳ, ಸರಪಳಿ ಅಂದುಕೊಂಡಿದ್ದ ನನಗೆ ಇದೇ ಹೊಸ ಸುದ್ದಿ. ಈ ಕಟ್ಟಡ ಎದ್ದ ಮೇಲೆ ಸಂಜೆಗಳೂ ಹೋದವು.

ಮೇಲಿನ ಮಹಡಿಯಲ್ಲಿ ಕ್ಯಾನ್ವಾಸ್ ಜೋಲಿಗಳ ಸಾಲು. ಮಗುವಿನ ಜೋಲಿಯಂಥದ್ದೇ, ಆದರೆ ಗಂಡಸರಿಗೆ. ಎರಡರ ನಡುವೆ ಒಬ್ಬ ಅಡ್ಡ ತಿರುಗಿ ನಿಲ್ಲುವಷ್ಟೂ ಜಾಗವಿಲ್ಲ. 600 ಜನಕ್ಕೆಂದು ಕಟ್ಟಿದ ಕಡೆ ಕೆಲವೊಮ್ಮೆ ಅದರ ಎರಡು ಪಟ್ಟು ಜನ ತುಂಬಿದ್ದರಂತೆ. ನಾನು ಬೇಡ ಅನ್ನುವಷ್ಟರಲ್ಲಿ ಅಪ್ಪ ಒಂದರಲ್ಲಿ ಮಲಗಿಯೇಬಿಟ್ಟರು. ಏಳಲು ಮಾತ್ರ ಆಗಲಿಲ್ಲ. ಎದ್ದಷ್ಟೂ ಅದು ಇನ್ನೊಂದು ಕಡೆ ವಾಲುತ್ತಿತ್ತು. ನಾನೂ ಒಬ್ಬ ಶಾಲೆ ಹುಡುಗನೂ ಸೇರಿ ಎಬ್ಬಿಸಿದೆವು. "ಪಕ್ಕದವನು ಮಗ್ಗುಲು ಬದಲಿಸಿದ್ರೆ ಇವನಿಗೂ ಎಚ್ಚರ ಆಗುತ್ತೆ ಕಣೋ" ಅಂದರು, ಸೊಂಟ ಹಿಡಿದುಕೊಂಡು.

ಕೆಳಗೆ ಗಾಜಿನ ಪೆಟ್ಟಿಗೆಗಳಲ್ಲಿ ನೆಲದ ಹಲಗೆಗಳ ಕೆಳಗೆ ಸಿಕ್ಕ ಸಾಮಾನು. ಇಲಿಗಳು ಗೂಡು ಕಟ್ಟಲು ಎಳೆದುಕೊಂಡು ಹೋಗಿದ್ದ ಬಟ್ಟೆ ಚೂರು, ಕಾಗದ. ಒಬ್ಬ ಖೈದಿಯ ಪಟ್ಟೆ ಅಂಗಿಯೂ ಹಾಗೇ ಉಳಿದುಕೊಂಡಿದೆಯಂತೆ. ಅದನ್ನು ತೊಟ್ಟವನ ಹೆಸರು ಇಲ್ಲ.

ಹೆಸರು ಉಳಿದದ್ದು ಕಟ್ಟಡದ ನಕ್ಷೆ ಬರೆದವನದು, ಫ್ರಾನ್ಸಿಸ್ ಗ್ರೀನ್‌ವೇ. ಅವನೂ ಖೈದಿಯೇ! ಬ್ರಿಸ್ಟಲ್‌ನಲ್ಲಿ ವಾಸ್ತುಶಿಲ್ಪಿ. ದಿವಾಳಿಯಾಗಿ, ಖೋಟಾ ದಾಖಲೆ ಮಾಡಿ 1812ರಲ್ಲಿ ಸಿಕ್ಕಿಬಿದ್ದ. ಮೊದಲು ಗಲ್ಲು, ಆಮೇಲೆ ಅದನ್ನು 14 ವರ್ಷದ ಗಡೀಪಾರಿಗೆ ಇಳಿಸಿದರು. 1814ರಲ್ಲಿ ಸಿಡ್ನಿಗೆ ಬಂದ. ಗವರ್ನರ್ ಮ್ಯಾಕ್ವಾರಿಗೆ ಕಟ್ಟಡ ಕಟ್ಟಿಸುವ ಹುಚ್ಚು, ಊರಲ್ಲಿ ಕೆಲಸ ಗೊತ್ತಿದ್ದವರು ಕಡಿಮೆ. ಎರಡೇ ವರ್ಷದಲ್ಲಿ ಖೈದಿಯೇ ಸರ್ಕಾರಿ ವಾಸ್ತುಶಿಲ್ಪಿ. ಬ್ಯಾರಕ್ಸ್ ಮುಗಿದ ವರ್ಷವೇ ಅವನಿಗೆ ಪೂರ್ತಿ ಕ್ಷಮಾದಾನವೂ ಸಿಕ್ಕಿತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರೆ, ಮಿಕ್ಕವರನ್ನ ಕೂಡಿಹಾಕೋ ಮನೆ ಕಟ್ಟಿಕೊಟ್ಟು ತಾನು ಆಚೆ ಬಂದ." ನನಗೆ ಉತ್ತರ ಹೊಳೆಯಲಿಲ್ಲ. ಮ್ಯಾಕ್ವಾರಿ ಹೋದ ಮೇಲೆ ಅವನ ಕೆಲಸವೂ ಹೋಯಿತು, 1837ರಲ್ಲಿ ಬಡತನದಲ್ಲೇ ಸತ್ತ ಅಂದೆ. ಅದಕ್ಕೆ ಅವರು ತಲೆಯಾಡಿಸಲೂ ಇಲ್ಲ.

ನಿಜವಾದ ಆಘಾತ ಆಮೇಲೆ. 1966ರಲ್ಲಿ ಆಸ್ಟ್ರೇಲಿಯಾ ಡಾಲರ್ ತಂದಾಗ ಹತ್ತರ ನೋಟಿನ ಮೇಲೆ ಹಾಕಿದ್ದು ಇದೇ ಗ್ರೀನ್‌ವೇ ಮುಖ.

"ಖೋಟಾ ಮಾಡಿದವನನ್ನ? ನೋಟಿನ ಮೇಲೆ?" ಅಪ್ಪನ ದನಿ ಎಷ್ಟು ಜೋರಾಗಿತ್ತು ಅಂದರೆ, ಕಾವಲಿನ ಹೆಂಗಸು ತಿರುಗಿ ನೋಡಿದರು.

ಹೊರಗೆ ಕಾಫಿ ಕುಡಿದಾಗ ಚಿಲ್ಲರೆಯಲ್ಲಿ ಹತ್ತರ ನೋಟೊಂದು ಬಂತು. ಈಗಿನದು ಪ್ಲಾಸ್ಟಿಕ್, ಮುಖವೂ ಬೇರೆ. ಅಪ್ಪ ಬೆಳಕಿಗೆ ಹಿಡಿದರು, ಉಜ್ಜಿದರು, ತಿರುಗಿಸಿದರು.

"ಇವನೇನು ಮಾಡಿದ್ದ?"

"ಕವಿ, ಅಪ್ಪ. ಬ್ಯಾಂಜೊ ಪ್ಯಾಟರ್ಸನ್. ಪದ್ಯ ಬರೀತಿದ್ದ."

"ಅಷ್ಟೇನಾ?" ಅನ್ನುತ್ತಾ ಜೇಬಿಗೆ ಹಾಕಿಕೊಂಡರು.